ತಿರುಳ್ಗನ್ನಡದ ತಿರುಕನ ಪ್ರಾರ್ಥನೆ

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನಲ್ಲಿ ಗೂಗಲ್ ಎಂಬ ಊರಿದೆ. ಹೆಸರು ಕೇಳಿದೊಡನೆ ಇಂದಿನ ತರುಣರು ನಗುತ್ತಾರೆ. ಅಮೆರಿಕದ ಕಂಪನಿ ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ಕೃಷ್ಣಾ ನದಿಯ ದಂಡೆಯ ಈ ಹಳ್ಳಿ ಹುಡುಕಾಟಕ್ಕೆ ಹೆಸರಾಗಿತ್ತು. ಆದರೆ ಅದು ಬೇರೆ ಬಗೆಯ ಹುಡುಕಾಟ. ಇಲ್ಲಿನ ಗವಿಯಲ್ಲಿ ಅಲ್ಲಮಪ್ರಭು ತಪಸ್ಸು ಮಾಡಿದನೆಂದು ಸುತ್ತಲಿನ ಜನ ನಂಬಿದ್ದಾರೆ. ಕಲ್ಯಾಣದ ಅನುಭವ ಮಂಟಪದಲ್ಲಿ ಶೂನ್ಯಸಿಂಹಾಸನವನ್ನು ಏರಿದ ಅಲ್ಲಮನು ನೆಲೆ ನಿಂತ ಜಾಗವೆಂದು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಭಕ್ತರು ಅಲ್ಲಿಗೆ ನಡೆದು ಬರುತ್ತಾರೆ. ಗವಿಯ ಮುಂದೆ ಕುಳಿತರೆ ಮನಸ್ಸಿನ ಗದ್ದಲ ತಾನಾಗಿ ಅಡಗುತ್ತದೆ ಎಂದು ಅವರಲ್ಲಿ ಅನೇಕರು ನನಗೆ ಹೇಳಿದ್ದುಂಟು.

ಆ ಅನುಭವ ಮಂಟಪ ನಿಜವಾಗಿ ಇತ್ತೇ, ಅಥವಾ ಅದು ನಂತರದ ಕಾಲದ ವೀರಶೈವ ಕವಿಗಳ ಕಲ್ಪನೆಯೇ ಎಂಬ ವಿವಾದವೊಂದು ಕಳೆದ ಶತಮಾನದ ನಡುವಿನಲ್ಲಿ ಕನ್ನಡ ವಿದ್ವಾಂಸರನ್ನು ಕಾಡಿತ್ತು. ಇತ್ತು ಎಂದು ಆಧಾರಸಹಿತವಾಗಿ ವಾದಿಸಿ 1951ರಲ್ಲಿ ಒಂದು ಗ್ರಂಥವನ್ನೇ ಬರೆದವರು ಯಾವ ಮಠದ ಸ್ವಾಮಿಗಳೂ ಅಲ್ಲ. ಅವರು ಬಾಸೆಲ್ ಮಿಷನ್ನಿನ ಒಬ್ಬ ಕ್ರೈಸ್ತ ಸಭಾಪಾಲಕರು. ಹೆಸರು ರೆವರೆಂಡ್ ಉತ್ತಂಗಿ ಚನ್ನಪ್ಪ. ತಮ್ಮನ್ನು ತಾವು ಅವರು ಕರೆದುಕೊಂಡದ್ದು ತಿರುಳ್ಗನ್ನಡದ ತಿರುಕ ಎಂದು.

ಚನ್ನಪ್ಪನವರನ್ನು ಕನ್ನಡಿಗರು ಮರೆತಿಲ್ಲ. ಸರ್ವಜ್ಞನ ವಚನಗಳನ್ನು ಊರೂರು ತಿರುಗಿ ಕೂಡಿಸಿದವರು ಎಂದು ಶಾಲೆಯ ಪಠ್ಯಗಳೂ ಹೇಳುತ್ತವೆ. ಆದರೆ ಸಂಶೋಧಕ ಚನ್ನಪ್ಪನವರ ಬೆಳಕಿನಲ್ಲಿ ಪ್ರಾರ್ಥಿಸುವ ಚನ್ನಪ್ಪನವರು ಮರೆಯಾಗಿ ಹೋಗಿದ್ದಾರೆ. ಕ್ರೈಸ್ತರಾಗಿದ್ದರೂ ಸರ್ವಜ್ಞನಿಗಾಗಿ ದುಡಿದರು ಎಂದು ನಾವು ಮೆಚ್ಚುಗೆಯಿಂದ ಹೇಳುತ್ತೇವೆ. ಈ ‘ಆಗಿದ್ದರೂ’ ಎಂಬ ಪದವೇ ನನಗೆ ಒಪ್ಪಿಗೆಯಾಗದು. ಅವರು ಕ್ರೈಸ್ತರಾಗಿದ್ದುದರಿಂದಲೇ, ದಿನಕ್ಕೆ ಎರಡು ಬಾರಿಯಾದರೂ ಮೊಣಕಾಲೂರಿ ತಮ್ಮ ಭಾರವನ್ನು ದೇವರಿಗೆ ಒಪ್ಪಿಸುವ ಸಂಪ್ರದಾಯದಲ್ಲಿ ಬೆಳೆದುದರಿಂದಲೇ, ಆ ಕೆಲಸ ಅವರಿಂದ ಸಾಧ್ಯವಾಯಿತು ಎಂಬುದು ನನ್ನ ಎಣಿಕೆ. ನಾನು ಕ್ರೈಸ್ತನಲ್ಲ, ದೇವತಾಶಾಸ್ತ್ರ ಓದಿದವನೂ ಅಲ್ಲ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ಮೂರು ದಶಕಗಳಿಗೂ ಹೆಚ್ಚು ಕಾಲ ಕಡತಗಳ ನಡುವೆ ಬದುಕಿದವನು. ರಾಯಚೂರಿನಲ್ಲಿ ಕೆಲಸ ಮಾಡುತ್ತಿದ್ದಾಗ ಸಂಜೆಗಳಲ್ಲಿ ವಚನಗಳನ್ನು ಓದುವ ರೂಢಿ ಹತ್ತಿತು. ವಚನಗಳ ಸಂಪಾದಕರ ಹೆಸರುಗಳ ಬೆನ್ನು ಹತ್ತಿ ಹೋದಾಗ ಈ ಪಾದ್ರಿಗಳು ಸಿಕ್ಕರು. ಆಮೇಲೆ ಬಿಡಲಿಲ್ಲ.

ಚನ್ನಪ್ಪನವರು ಹುಟ್ಟಿದ್ದು 1881ರ ಅಕ್ಟೋಬರ್ 28ರಂದು, ಧಾರವಾಡದಲ್ಲಿ. ಮೂಲ ಊರು ಹೂವಿನಹಡಗಲಿ ತಾಲ್ಲೂಕಿನ ಉತ್ತಂಗಿ. ಲಿಂಗಾಯತ ಮೂಲದ ಮನೆತನ. ಹಿರಿಯರ ಕಾಲದಲ್ಲಿ ಕ್ರೈಸ್ತಮತವನ್ನು ಸೇರಿತ್ತು. ತಂದೆಯ ಹೆಸರು ದಾನಿಯೇಲಪ್ಪ, ತಾಯಿ ಸುಭಕ್ತವ್ವ. ಈ ಹೆಸರುಗಳನ್ನು ಒಮ್ಮೆ ನಿಧಾನವಾಗಿ ಉಚ್ಚರಿಸಿ ನೋಡಬೇಕು. ಬಾಬಿಲೋನಿನ ಸಿಂಹದ ಗವಿಯಲ್ಲಿ ಪ್ರಾರ್ಥಿಸಿದ ದಾನಿಯೇಲನಿಗೆ ಧಾರವಾಡದ ‘ಅಪ್ಪ’ ಸೇರಿಕೊಂಡಿದ್ದಾನೆ. ಸುಭಕ್ತಿ ಎಂಬ ಸಂಸ್ಕೃತ ಪದಕ್ಕೆ ಉತ್ತರ ಕರ್ನಾಟಕದ ‘ಅವ್ವ’ ಕೂಡಿಕೊಂಡಿದ್ದಾಳೆ. ಇನ್ನು ಮಗನ ಹೆಸರು ಅಪ್ಪಟ ಶರಣರ ಮನೆಯದು. ಮತ ಬದಲಾದರೂ ಹೆಸರು, ಊಟ, ಭಾಷೆ ಬದಲಾಗದ ಮನೆ ಅದು. ಜರ್ಮನ್ ಮಿಷನರಿಗಳ ಬಗ್ಗೆ ನಮ್ಮಲ್ಲಿ ಹಲವು ಬಗೆಯ ಅಭಿಪ್ರಾಯಗಳಿವೆ. ಆದರೆ ಧಾರವಾಡ ಸೀಮೆಯ ಕ್ರೈಸ್ತರನ್ನು ಅವರು ಕನ್ನಡದಿಂದ ಕಿತ್ತು ಹಾಕಲಿಲ್ಲ ಎಂಬುದನ್ನು ಒಪ್ಪಲೇಬೇಕು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಈ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು, 1837ರಲ್ಲಿ ಧಾರವಾಡಕ್ಕೆ. ಬಂದವರಲ್ಲಿ ಬಹುಪಾಲು ಮಂದಿ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಕಡೆಯವರು. ಆ ಸೀಮೆಯಲ್ಲಿ ಹಬ್ಬಿದ್ದ ಭಕ್ತಿಪಂಥಕ್ಕೆ ಚರ್ಚಿನ ಗೋಪುರಕ್ಕಿಂತ ಮನೆಯ ನಡುಮನೆ ಮುಖ್ಯವಾಗಿತ್ತು. ಬೆಳಗ್ಗೆ ಮತ್ತು ಸಂಜೆ ಮನೆಮಂದಿಯೆಲ್ಲ ಕೂಡಿ ಬೈಬಲಿನ ಒಂದು ಭಾಗ ಓದುವುದು, ಒಂದು ಹಾಡು ಹೇಳುವುದು, ಆಮೇಲೆ ಹಿರಿಯರು ಯಾವ ಪುಸ್ತಕವನ್ನೂ ನೋಡದೆ ತಮ್ಮದೇ ಮಾತಿನಲ್ಲಿ ದೇವರೊಂದಿಗೆ ಮಾತನಾಡುವುದು: ಇಷ್ಟೇ ಆ ಪಂಥದ ಆಚರಣೆ. ಮಂತ್ರವಿಲ್ಲ, ಪುರೋಹಿತನಿಲ್ಲ. ಕಾಯಿಲೆ ಬಿದ್ದ ಎತ್ತಿನ ವಿಷಯವನ್ನೂ, ಸಾಲಗಾರನ ವಿಷಯವನ್ನೂ, ಮಾಡಿದ ತಪ್ಪನ್ನೂ ಅಲ್ಲಿ ಹೇಳಬಹುದು. ಹೇಳಿದ ಮೇಲೆ ಅದು ಆತನ ಜವಾಬ್ದಾರಿ.

ಇಲ್ಲಿ ಕನ್ನಡ ಭಾಷೆಯ ಕುರಿತು ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಪೂರ್ಣ ಕನ್ನಡ ಬೈಬಲ್ ಮೊದಲು ಹೊರಬಂದದ್ದು ರಾಯಚೂರಿನ ನೆರೆಯ ಬಳ್ಳಾರಿಯಲ್ಲಿ, 1831ರಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ದೀರ್ಘ ಶ್ರಮದ ಫಲವಾಗಿ. ಅನುವಾದಕರಿಗೆ ದೇವರ ಮೇಲಿನ ಭರವಸೆಯನ್ನು ಸೂಚಿಸಲು ಪದಗಳು ಬೇಕಿದ್ದವು. ಅವು ಆಗಲೇ ಕನ್ನಡದಲ್ಲಿ ಸಿದ್ಧವಾಗಿದ್ದವು. ನಂಬುವುದು, ನೆಚ್ಚುವುದು ಎಂಬ ಮಾತುಗಳನ್ನು ಏಳು ಶತಮಾನಗಳ ಹಿಂದೆಯೇ ವಚನಕಾರರು ಹದ ಮಾಡಿ ಇಟ್ಟಿದ್ದರು. ದೇವರು ಕೊಡುವ ನೆಮ್ಮದಿಗೆ ಪ್ರಾಟೆಸ್ಟೆಂಟ್ ಕ್ರೈಸ್ತರು ಬಳಸಿಕೊಂಡ ಪದ ‘ಸಮಾಧಾನ’. ಸತ್ತ ಮನೆಗೆ ಹೋಗಿ ನಾವು ಮಾಡುವುದು ಸಮಾಧಾನ. ಸಿಟ್ಟಿಗೆದ್ದವನಿಗೆ ಹೇಳುವುದು ಸಮಾಧಾನ. ಅಷ್ಟು ಮನೆಬಳಕೆಯ ಮಾತನ್ನು ಅವರು ದೇವರ ಕಡೆಯಿಂದ ಬರುವ ಶಾಂತಿಗೆ ಇಟ್ಟರು. ದಣಿದವರನ್ನೂ ಹೊರೆ ಹೊತ್ತವರನ್ನೂ ಕ್ರಿಸ್ತನು ತನ್ನ ಬಳಿಗೆ ಕರೆದು ವಿಶ್ರಾಂತಿಯನ್ನು ಕೊಡುವುದಾಗಿ ಹೇಳುವ ಸುವಾರ್ತೆಯ ಭಾಗ ಎಲ್ಲರಿಗೂ ಪರಿಚಿತ. ಬಾಲಕ ಚನ್ನಪ್ಪನ ಕಿವಿಗೆ ಅದು ಬಿದ್ದದ್ದು ಇಂಗ್ಲಿಷಿನಲ್ಲಲ್ಲ, ಜರ್ಮನಿನಲ್ಲೂ ಅಲ್ಲ. ಹೊರೆ ಎಂದರೆ ಏನೆಂದು ಚೆನ್ನಾಗಿ ಬಲ್ಲ ಎರೆಹೊಲದ ಕನ್ನಡದಲ್ಲಿ.

ಧಾರವಾಡದ ಮಿಷನ್ ಶಾಲೆಯ ಓದಿನ ನಂತರ ಅವರು ಮಂಗಳೂರಿನ ದೇವಜ್ಞಾನ ಶಾಲೆಗೆ ಹೋದರು. ಬಯಲುಸೀಮೆಯ ಹುಡುಗನಿಗೆ ಮಂಗಳೂರು ಮಳೆ, ಮೀನು, ಕೆಂಪು ಹೆಂಚುಗಳ ಊರು. ಆ ಹೆಂಚುಗಳೂ ಮಿಷನ್ನಿನವೇ. ಮತಾಂತರಗೊಂಡು ಜಾತಿಯನ್ನೂ ಕಸುಬನ್ನೂ ಕಳೆದುಕೊಂಡವರಿಗೆ ಕೂಲಿ ಒದಗಿಸಲು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭವಾಯಿತು. ನೇಯ್ಗೆಯ ಕಾರ್ಖಾನೆಗಳೂ ನಡೆಯುತ್ತಿದ್ದವು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಈ ಪ್ರಯೋಗವನ್ನು ನಾನು ಗೌರವದಿಂದ ನೋಡುತ್ತೇನೆ. ಪ್ರಾರ್ಥನೆ ಕಲಿಸಿದವರು ಕೂಲಿಯ ಚಿಂತೆಯನ್ನು ದೇವರಿಗಷ್ಟೇ ಬಿಟ್ಟು ಕುಳಿತಿರಲಿಲ್ಲ.

1908ರಲ್ಲಿ ಚನ್ನಪ್ಪನವರಿಗೆ ಸಭಾಪಾಲಕರಾಗಿ ದೀಕ್ಷೆಯಾಯಿತು. ಅಂದಿನ ಹಳ್ಳಿಗಾಡಿನ ಸಭಾಪಾಲಕನ ಕೆಲಸವೆಂದರೆ ಭಾನುವಾರದ ಪ್ರಸಂಗ ಮಾತ್ರವಲ್ಲ. ಮದುವೆ, ಮಣ್ಣು, ಶಾಲೆಯ ಉಸ್ತುವಾರಿ, ಅಣ್ಣತಮ್ಮಂದಿರ ಹೊಲದ ಜಗಳ, ಪ್ಲೇಗು ಬಂದ ಮನೆಯ ಮುಂದೆ ನಿಲ್ಲುವುದು, ಸಂತೆಯಲ್ಲಿ ನಿಂತು ಸುವಾರ್ತೆ ಹೇಳುವುದು. ಸಂಬಳ ಸಣ್ಣದು. ಇವೆಲ್ಲದರ ಜೊತೆಗೆ ಲೆಕ್ಕ ಕೊಡುವ ಕೆಲಸವೂ ಇತ್ತು. ಬಾಸೆಲ್ ಮಿಷನ್ನಿನ ವಾರ್ಷಿಕ ವರದಿಗಳ ಕೊನೆಯಲ್ಲಿ ಅಂಕಿಅಂಶದ ಪಟ್ಟಿಗಳಿವೆ: ಯಾವ ಊರಿನಲ್ಲಿ ಎಷ್ಟು ಸದಸ್ಯರು, ವರ್ಷದಲ್ಲಿ ಎಷ್ಟು ದೀಕ್ಷಾಸ್ನಾನ, ಎಷ್ಟು ಶಾಲೆ, ಎಷ್ಟು ಮಕ್ಕಳು. ಗುರಿ ಮತ್ತು ಸಾಧನೆಯ ಕಾಲಂಗಳ ನಡುವೆ ಆಯುಷ್ಯ ಕಳೆದ ನನಗೆ ಆ ಪಟ್ಟಿಗಳು ಬಲು ಪರಿಚಿತವೆನಿಸುತ್ತವೆ. ಅಂಕಣ ತುಂಬದಿದ್ದರೆ ನಿದ್ದೆ ಬಾರದು; ತುಂಬಿದರೆ ಮುಂದಿನ ವರ್ಷದ ಗುರಿ ಏರುತ್ತದೆ. ಮನುಷ್ಯನ ಮನಸ್ಸಿನ ಒಳಗೆ ನಡೆಯುವುದನ್ನು ಅಂಕಣಕ್ಕೆ ಇಳಿಸಬೇಕಾದ ಸಭಾಪಾಲಕನ ಪಾಡು ನಮ್ಮದಕ್ಕಿಂತ ಕಠಿಣವಾಗಿತ್ತು.

ಆರು ವರ್ಷ ಕಳೆಯುವುದರೊಳಗೆ ಮಹಾಯುದ್ಧ ಬಂತು. ಬ್ರಿಟಿಷ್ ಸರ್ಕಾರದ ದೃಷ್ಟಿಯಲ್ಲಿ ಜರ್ಮನ್ ಮಿಷನರಿಗಳು ಶತ್ರುದೇಶದ ಪ್ರಜೆಗಳಾದರು. ಅವರನ್ನು ಶಿಬಿರಗಳಲ್ಲಿ ಇಟ್ಟರು, ಬಳಿಕ ದೇಶದಿಂದ ಹೊರಗೆ ಕಳುಹಿಸಿದರು. ಹೆಂಚು ಮತ್ತು ನೇಯ್ಗೆಯ ಉದ್ಯಮಗಳು ಮಿಷನ್ನಿನ ಕೈತಪ್ಪಿದವು. ಯುದ್ಧದ ನಂತರ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಗೆ ಹೋದವು. ಎಂಟು ದಶಕಗಳಿಂದ ಗುರುಗಳೂ ಪೋಷಕರೂ ಆಗಿದ್ದವರು ಕಣ್ಣೆದುರಿಗೇ ಕಣ್ಮರೆಯಾದರು. ಬಾಸೆಲಿನಿಂದ ಬರುವ ಹಣ, ಬಾಸೆಲಿನಿಂದ ಬರುವ ಆಜ್ಞೆ, ಎರಡೂ ನಿಂತಾಗ ಸಭೆಗಳ ಹೊಣೆ ಚನ್ನಪ್ಪನವರಂಥ ಮೂವತ್ತರ ಹರೆಯದ ಕನ್ನಡ ಪಾದ್ರಿಗಳ ಹೆಗಲಿಗೆ ಬಂತು. ಅನ್ನ ಕೊಡುವ ದೊರೆಗಳಿರುವಾಗ ದೈನಂದಿನ ಆಹಾರಕ್ಕಾಗಿ ದೇವರನ್ನು ಬೇಡುವುದು ಸುಲಭ. ದೊರೆ ಹೋದ ಮೇಲೂ ಅದೇ ಪ್ರಾರ್ಥನೆಯನ್ನು ಅದೇ ದನಿಯಲ್ಲಿ ಹೇಳುವುದಾದರೆ ಅದಕ್ಕೆ ಬೇರೆಯ ತೂಕವಿರುತ್ತದೆ. ನನ್ನ ದೃಷ್ಟಿಯಲ್ಲಿ ಕನ್ನಡದ ಪ್ರಾಟೆಸ್ಟೆಂಟ್ ಸಭೆ ವಯಸ್ಸಿಗೆ ಬಂದದ್ದು ಆ ವರ್ಷಗಳಲ್ಲಿ.

ಚನ್ನಪ್ಪನವರ ಸ್ವಂತ ದನಿ ಕೇಳಿಬಂದದ್ದು ಅದರ ಬೆನ್ನಿಗೇ. 1921ರಲ್ಲಿ ಅವರು ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ಯನ್ನು ಪ್ರಕಟಿಸಿದರು. ಹೆಸರಿನಲ್ಲಿರುವ ಪದವನ್ನು ಗಮನಿಸಬೇಕು. ಬೆತ್ಲೆಹೇಮ್ ಬನಾರಸಕ್ಕೆ ಆಜ್ಞೆ ಮಾಡುತ್ತಿಲ್ಲ, ಸವಾಲು ಹಾಕುತ್ತಿಲ್ಲ; ವಿನಂತಿ ಮಾಡುತ್ತಿದೆ. ಕ್ರಿಸ್ತನನ್ನು ಪರದೇಶದವನೆಂದು ದೂರವಿಡಬೇಡಿ, ಈ ನೆಲದ ಹೃದಯದಲ್ಲಿ ಆತನಿಗೂ ಮನೆಯಿದೆ ಎಂಬುದು ಅದರ ಧಾಟಿ. ಮರಾಠಿಯಲ್ಲಿ ಕವಿ ನಾರಾಯಣ ವಾಮನ ಟಿಳಕರು ತುಕಾರಾಮನ ಅಭಂಗಗಳ ದಾರಿಯಿಂದ ಕ್ರಿಸ್ತನ ಬಳಿಗೆ ಬಂದಿದ್ದರು. ಪಂಜಾಬಿನ ಸಾಧು ಸುಂದರಸಿಂಗರು ಕಾವಿ ತೊಟ್ಟು, ಬರಿಗಾಲಿನಲ್ಲಿ ನಡೆದು, ಪ್ರಾರ್ಥನೆಯೆಂದರೆ ಬೇಡುವುದಲ್ಲ, ದೇವರ ಬಳಿ ಇರುವುದು ಎಂದು ದೇಶವಿದೇಶಗಳಲ್ಲಿ ಹೇಳುತ್ತಿದ್ದರು. ಅದೇ ಗಾಳಿ ಧಾರವಾಡ ಸೀಮೆಯಲ್ಲೂ ಬೀಸುತ್ತಿತ್ತು. ಈ ದಾರಿ ಎಲ್ಲರಿಗೂ ಹಿಡಿಸಲಿಲ್ಲ. ಅವರು ಕ್ರೈಸ್ತಧರ್ಮವನ್ನು ತೆಳುಗೊಳಿಸುತ್ತಿದ್ದಾರೆಂದು ಸಂದೇಹಿಸಿದವರು ಒಂದು ಕಡೆ, ಮತಾಂತರಕ್ಕೆ ಹೊಸ ಬಲೆ ಬೀಸುತ್ತಿದ್ದಾರೆಂದು ಸಂದೇಹಿಸಿದವರು ಇನ್ನೊಂದು ಕಡೆ. ಎರಡು ಕಡೆಯಿಂದಲೂ ಅನುಮಾನದ ನೋಟ ಎದುರಿಸುವವನಿಗೆ ಸಾಮಾನ್ಯವಾಗಿ ಎರಡೇ ದಾರಿ: ಒಂದು ಪಕ್ಷ ಸೇರುವುದು, ಇಲ್ಲವೇ ಬಾಯಿ ಮುಚ್ಚುವುದು. ಚನ್ನಪ್ಪನವರು ಎರಡನ್ನೂ ಮಾಡಲಿಲ್ಲ. ಸರ್ವಜ್ಞನ ಹಿಂದೆ ಹೊರಟರು.

ಆ ಹೊರಡುವಿಕೆಯ ಸ್ವರೂಪವನ್ನು ಇಂದು ಊಹಿಸಿಕೊಳ್ಳುವುದು ಕಷ್ಟ. ಸರ್ವಜ್ಞನ ತ್ರಿಪದಿಗಳು ಎಲ್ಲರ ಬಾಯಲ್ಲೂ ಇದ್ದವು. ಆದ್ದರಿಂದಲೇ ಎಲ್ಲಿಯೂ ಸರಿಯಾಗಿ ಇರಲಿಲ್ಲ. ಒಬ್ಬನ ಬಾಯಲ್ಲಿ ಒಂದು ಪಾಠ, ಇನ್ನೊಬ್ಬನ ಬಾಯಲ್ಲಿ ಮತ್ತೊಂದು. ಜಾತಿಯವರು ತಮಗೆ ಬೇಡವಾದುದನ್ನು ಬಿಡುತ್ತಿದ್ದರು, ಬೇಕಾದುದನ್ನು ಸೇರಿಸುತ್ತಿದ್ದರು. ಓಲೆಗರಿಗಳು ಮಠಗಳ ಅಟ್ಟದಲ್ಲಿ, ಶಾನುಭೋಗರ ಪೆಟ್ಟಿಗೆಗಳಲ್ಲಿ, ರೈತರ ಮನೆಯ ಜಂತಿಯ ಸಂದಿನಲ್ಲಿ ಇದ್ದವು. ಒಬ್ಬ ಕ್ರೈಸ್ತ ಪಾದ್ರಿ ಬಂದು ಲಿಂಗಾಯತ ಮಠದ ಬಾಗಿಲಲ್ಲಿ ನಿಂತು ಹಸ್ತಪ್ರತಿ ತೋರಿಸಿ ಎಂದು ಕೇಳಿದರೆ ಏನಾಗಬಹುದು? ಕೆಲವು ಬಾಗಿಲುಗಳು ತೆರೆಯುತ್ತವೆ, ಕೆಲವು ತೆರೆಯುವುದಿಲ್ಲ. ತೆರೆಯದ ಬಾಗಿಲಿಗೆ ಮತ್ತೊಮ್ಮೆ ಹೋಗಬೇಕು. ಹೀಗೆ ಹಲವು ವರ್ಷ ಸಭೆಯ ಕೆಲಸದ ನಡುವೆಯೇ ಊರೂರು ಅಲೆದು, ಓಲೆಗರಿಗಳನ್ನು ಹೋಲಿಸಿ, ಹಳ್ಳಿಗರ ಬಾಯಿಂದ ಕೇಳಿ ಬರೆದುಕೊಂಡು, ಸುಮಾರು ಎರಡು ಸಾವಿರ ತ್ರಿಪದಿಗಳನ್ನು ವಿಷಯವಾರು ಜೋಡಿಸಿ ಅವರು 1924ರಲ್ಲಿ ಪ್ರಕಟಿಸಿದರು. ಅದಕ್ಕೆ ಒಂದು ವರ್ಷ ಮೊದಲು ಬಿಜಾಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ವನ್ನು ಹೊರತಂದಿದ್ದರು. ಒಬ್ಬ ವಕೀಲ, ಒಬ್ಬ ಪಾದ್ರಿ: ಇಬ್ಬರೂ ತಮ್ಮ ವೃತ್ತಿಯ ಹೊತ್ತನ್ನು ಕದ್ದು ಕನ್ನಡದ ಕಳೆದುಹೋದ ಒಡವೆಯನ್ನು ಮನೆಗೆ ತಂದರು.

ಆ ಎರಡು ಸಾವಿರ ಪದ್ಯಗಳಿಂದ ಮಿಷನ್ನಿನ ಪಟ್ಟಿಯಲ್ಲಿ ಒಂದು ಅಂಕಿಯೂ ಹೆಚ್ಚಲಿಲ್ಲ. ಒಂದು ದೀಕ್ಷಾಸ್ನಾನವೂ ಅದರ ಲೆಕ್ಕಕ್ಕೆ ಬರಲಿಲ್ಲ. ಸರ್ವಜ್ಞನಂತೂ ಕ್ರಿಸ್ತನ ಹೆಸರು ಎತ್ತಿದವನಲ್ಲ. ಶಿವನನ್ನು ನಂಬಿ, ಎಲ್ಲ ಮತದ ಡಂಭವನ್ನೂ ಒಂದೇ ಕೋಲಿನಲ್ಲಿ ಹೊಡೆದವನು. ಪಾದ್ರಿಯೊಬ್ಬನು ತನ್ನ ಜೀವನದ ಅತ್ಯುತ್ತಮ ವರ್ಷಗಳನ್ನು ಇಂಥವನಿಗಾಗಿ ಖರ್ಚು ಮಾಡಿದ್ದು ಯಾವ ಧೈರ್ಯದಿಂದ? ಫಲವೇನು ಎಂದು ಕೇಳುವವರಿಗೆ ಆತ ಏನು ಉತ್ತರ ಕೊಡಬೇಕು? ಇಲ್ಲಿಯೇ ಪ್ರಾರ್ಥನೆಯ ಸಂಗತಿ ಬರುತ್ತದೆ. ಫಲವನ್ನು ತಾನೇ ಎಣಿಸಬೇಕಾದವನು ಇಂಥ ಕೆಲಸಕ್ಕೆ ಕೈ ಹಾಕಲಾರ. ಎಣಿಕೆಯನ್ನು ಬೇರೊಬ್ಬನ ಕೈಗೆ ಕೊಟ್ಟು ಮಲಗಬಲ್ಲವನು ಮಾತ್ರ ಮರುದಿನ ಎದ್ದು, ಬುತ್ತಿ ಕಟ್ಟಿಕೊಂಡು, ಮತ್ತೊಂದು ಮುಚ್ಚಿದ ಬಾಗಿಲಿಗೆ ಹೋಗಬಲ್ಲ.

ಈ ಮಾತು ಬರಿಯ ತರ್ಕವೆನಿಸಬಹುದು. ನನಗೆ ಅದು ಕಣ್ಣಿಗೆ ಕಂಡದ್ದು 2009ರ ಅಕ್ಟೋಬರಿನಲ್ಲಿ. ಆ ತಿಂಗಳ ಮೊದಲ ವಾರದಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಗೆ ತುಂಗಭದ್ರೆ ಉಕ್ಕಿ ರಾಯಚೂರು ಜಿಲ್ಲೆಯ ನದಿ ದಂಡೆಯ ಹಳ್ಳಿಗಳು ಮುಳುಗಿದವು. ಪರಿಹಾರದ ಕೆಲಸದ ಮೇಲೆ ನಾನಿದ್ದ ಶಾಲೆಯೊಂದರಲ್ಲಿ ನೂರಾರು ಜನ ಸೇರಿದ್ದರು. ಸಂಜೆ ಮೂಲೆಯ ಕೋಣೆಯಲ್ಲಿ ಕೆಲವು ಕ್ರೈಸ್ತ ಕುಟುಂಬಗಳು ಕೂಡಿ ಕುಳಿತವು. ವಯಸ್ಸಾದ ಹೆಂಗಸೊಬ್ಬಳು ತಲೆಯ ಮೇಲೆ ಸೆರಗು ಹೊದ್ದು ಪ್ರಾರ್ಥಿಸಿದಳು. ಕೊಚ್ಚಿಹೋದ ಎಮ್ಮೆಯ ಹೆಸರು ಹೇಳಿದಳು, ನೆನೆದು ಹೋದ ಜೋಳದ ಲೆಕ್ಕ ಹೇಳಿದಳು, ನೆರೆಮನೆಯ ಮುಸ್ಲಿಮರ ಕೂಸಿಗೆ ಜ್ವರ ಬಂದಿದೆ ಎಂದು ತಿಳಿಸಿದಳು, ಬಂದಿರುವ ಸಾಹೇಬರಿಗೆ ಒಳ್ಳೆಯ ಬುದ್ಧಿ ಕೊಡು ಎಂದೂ ಸೇರಿಸಿದಳು. ಈ ಕೊನೆಯದು ನನ್ನ ಕುರಿತಾಗಿತ್ತು. ಬಳಿಕ ಗೋಣಿಚೀಲ ಹಾಸಿಕೊಂಡು ನಿದ್ದೆ ಹೋದಳು. ಮನೆಯಿದ್ದವನು, ಸಂಬಳವಿದ್ದವನು, ಒಣಗಿದ ಬಟ್ಟೆಯಿದ್ದವನು ನಾನು. ಆ ರಾತ್ರಿ ಕಣ್ಣು ಮುಚ್ಚದೆ ಅಕ್ಕಿಯ ಮೂಟೆ ಎಣಿಸುತ್ತಿದ್ದೆ.

ಗಲಿಲಾಯದ ಸರೋವರದಲ್ಲಿ ಬಿರುಗಾಳಿ ಎದ್ದಾಗ ದೋಣಿಯ ಹಿಂಬದಿಯಲ್ಲಿ ಕ್ರಿಸ್ತನು ಮಲಗಿ ನಿದ್ರಿಸುತ್ತಿದ್ದ ಕಥೆಯನ್ನು ಸುವಾರ್ತೆಗಳು ಹೇಳುತ್ತವೆ. ಬೆಸ್ತರಾಗಿದ್ದ ಶಿಷ್ಯರು, ನೀರನ್ನೇ ಕಸುಬಾಗಿ ಬಲ್ಲವರು, ಹೆದರಿದರು; ಬಡಗಿಯ ಮಗ ನಿದ್ರಿಸುತ್ತಿದ್ದ. ಹಾಗೆಂದು ಕ್ರೈಸ್ತ ಪ್ರಾರ್ಥನೆಯ ವಿಶ್ರಾಂತಿಯನ್ನು ನಿಶ್ಚಿಂತೆಯ ಗುಳಿಗೆಯೆಂದು ತಿಳಿಯುವುದು ಸರಿಯಲ್ಲ. ಅದೇ ಸುವಾರ್ತೆಗಳು ಗೆತ್ಸೆಮನೆಯ ತೋಟದ ಕಥೆಯನ್ನೂ ಹೇಳುತ್ತವೆ. ಅಲ್ಲಿ ನಿದ್ದೆ ಹೋದವರು ಶಿಷ್ಯರು. ಎಚ್ಚರವಾಗಿದ್ದು ಬೆವರಿದವನು ಅವನು. ಬರಲಿರುವ ಸಾವು ತಪ್ಪಲಿ ಎಂದು ಬೇಡಿ, ಕೊನೆಗೆ ತನ್ನ ಇಚ್ಛೆಯನ್ನು ತಂದೆಯ ಇಚ್ಛೆಗೆ ಒಪ್ಪಿಸಿ ಎದ್ದನು. ದೋಣಿಯ ನಿದ್ದೆಗೂ ತೋಟದ ಎಚ್ಚರಕ್ಕೂ ಮೂಲ ಒಂದೇ ಭರವಸೆ. ಇಂದಿನ ನಗರಗಳಲ್ಲಿ ಗಂಟೆಯ ಲೆಕ್ಕದಲ್ಲಿ ಶುಲ್ಕ ಕೊಟ್ಟು ಮನಶ್ಶಾಂತಿ ಕೊಳ್ಳುವ ನಮಗೆ ಈ ಎರಡನೆಯ ಕಥೆ ಅಷ್ಟಾಗಿ ಬೇಕಾಗಿಲ್ಲ.

ಮಿಷನ್ನಿನ ಪಟ್ಟಿಯಲ್ಲಿ ಕಾಣಿಸದ ಆ ದುಡಿಮೆಯನ್ನು ಕನ್ನಡ ನಾಡು ಗುರುತಿಸಿತು. 1949ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠಕ್ಕೆ ಚನ್ನಪ್ಪನವರು ಬಂದರು. ಆ ವರ್ಷದ ಮಹತ್ವವನ್ನು ದಕ್ಷಿಣದ ಓದುಗರು ಗಮನಿಸಬೇಕು. ನಿಜಾಮರ ಸಂಸ್ಥಾನದಲ್ಲಿ ಉರ್ದು ಆಡಳಿತದ ಭಾಷೆ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ ತಮ್ಮ ಭಾಷೆ ಮನೆಯೊಳಗಿನದು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಸಮ್ಮೇಳನ ನಡೆದಿತ್ತು. ಅನಂತರದ ವರ್ಷಗಳು ರಜಾಕಾರರ ಹಾವಳಿಯಲ್ಲಿ ಕೊನೆಗೊಂಡವು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರವೇ ಸಂಸ್ಥಾನ ಭಾರತಕ್ಕೆ ಸೇರಿತು. ಆ ಕಾಲದಲ್ಲಿ ಹಿಂದೂಗಳೂ ಮುಸ್ಲಿಮರೂ ಕಂಡ ರಕ್ತಪಾತದ ನೆನಪು ಇನ್ನೂ ಹಸಿಯಾಗಿತ್ತು. ಹಾಗೆ ಗಾಯಗೊಂಡ ಊರಿನಲ್ಲಿ ಕನ್ನಡದ ತೇರಿನ ಮುಂದೆ ಕುಳಿತವರು ಒಬ್ಬ ಕ್ರೈಸ್ತ ಪಾದ್ರಿ: ಹುಟ್ಟಿದ್ದು ಮುಂಬಯಿ ಪ್ರಾಂತದ ಧಾರವಾಡದಲ್ಲಿ, ಮೂಲ ಮದ್ರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿ, ಪೀಠ ಹೈದರಾಬಾದು ಸಂಸ್ಥಾನದಲ್ಲಿ. ಹರಿದು ಹಂಚಿಹೋಗಿದ್ದ ನಾಡಿನ ಮೂರು ತುಂಡುಗಳು ಒಬ್ಬ ಮನುಷ್ಯನಲ್ಲಿ ಕೂಡಿದ್ದವು. ಸಭೆಯಲ್ಲಿದ್ದವರ ಮನಸ್ಸಿನಲ್ಲಿ ಈ ವಿಚಾರ ಸುಳಿಯದೇ ಇರಲಿಲ್ಲ ಎಂದು ನನ್ನ ಭಾವನೆ. ಆಗ ಅವರಿಗೆ ಅರವತ್ತೇಳು ವರ್ಷ.

ಅರವತ್ತರ ಆಚೆಯ ವಯಸ್ಸು ಎಂಥದ್ದೆಂದು ನಾನೀಗ ಬಲ್ಲೆ. ಮಾಡಿದ್ದನ್ನು ಮತ್ತೆ ಮತ್ತೆ ಹೇಳಿಕೊಳ್ಳುವ, ಸಿಗದೇ ಹೋದ ಬಡ್ತಿಯನ್ನು ಬೆಳಗಿನ ವಾಯುವಿಹಾರದಲ್ಲಿ ಮೆಲುಕು ಹಾಕುವ ವಯಸ್ಸು. ಚನ್ನಪ್ಪನವರು ಆ ವಯಸ್ಸಿನಲ್ಲಿ ಹೊಸ ಕೆಲಸ ಹಿಡಿದರು. ಶರಣರ ವಚನಗಳ ಸಂಪಾದನೆಗೆ ಕುಳಿತರು. ಅನುಭವ ಮಂಟಪದ ಐತಿಹಾಸಿಕತೆಯ ಗ್ರಂಥ ಬಂದದ್ದು ಎಪ್ಪತ್ತರ ಹೊಸ್ತಿಲಲ್ಲಿ. ಕಿರಿಯ ವಿದ್ವಾಂಸರಾದ ಸಂ.ಶಿ. ಭೂಸನೂರಮಠರ ಜೊತೆಗೂಡಿ ಮೋಳಿಗೆಯ ಮಾರಯ್ಯ ಮತ್ತು ರಾಣಿ ಮಹಾದೇವಿಯರ ವಚನಗಳನ್ನು ಹೊರತಂದರು. ಸಿಂಹಾಸನ ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರಿ ಬದುಕಿದರೆಂದು ಪರಂಪರೆ ಹೇಳುವ ದಂಪತಿಗಳು ಅವರು. ತಿರುಕನೆಂದು ಕರೆದುಕೊಂಡವರಿಗೆ ಅವರ ಮೇಲೆ ಒಲವು ಹುಟ್ಟಿದ್ದು ಸಹಜ.

ಆಮೇಲೆ ಸೊನ್ನಲಿಗೆಯ ಸಿದ್ಧರಾಮನ ಸಾಹಿತ್ಯ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಅರ್ಥಪೂರ್ಣವಾಗಿ ಕಾಣುತ್ತದೆ. ಸಿದ್ಧರಾಮನು ಕೆರೆ ಕಟ್ಟಿಸಿದವನು, ಗುಡಿ ಕಟ್ಟಿಸಿದವನು, ಲೋಕೋಪಕಾರದಲ್ಲಿ ಹಗಲಿರುಳು ಮುಳುಗಿದ್ದವನು. ಗೂಗಲ್ಲಿನ ಗವಿಯವನೆಂದು ನಮ್ಮ ಜನ ನಂಬುವ ಅದೇ ಅಲ್ಲಮನು ಸೊನ್ನಲಿಗೆಗೆ ಬಂದು, ಕೆರೆ ತೋಡುವ ಒಡ್ಡನೆಲ್ಲಿ ಎಂಬ ಧಾಟಿಯಲ್ಲಿ ಆತನನ್ನು ಕೆಣಕಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿದೆ. ಕೆಲಸ ಕೆಟ್ಟದ್ದೆಂದು ಅಲ್ಲಮ ಹೇಳಲಿಲ್ಲ. ಕೆಲಸದೊಳಗೆ ನೆಲೆಯಿಲ್ಲದಿದ್ದರೆ ಅದು ಬರಿಯ ಮಣ್ಣು ಹೊರುವುದೆಂದು ತೋರಿಸಿದ. ಸಭೆ, ಶಾಲೆ, ಸಂತೆ, ಓಲೆಗರಿ ಎಂದು ನಾಲ್ಕು ದಶಕ ಓಡಾಡಿದ ಪಾದ್ರಿಗಳು ಎಪ್ಪತ್ತು ದಾಟಿದ ಮೇಲೆ ಈ ಪುಟಗಳ ಮೇಲೆ ಬಗ್ಗಿ ಕುಳಿತು ಪಾಠಾಂತರ ಗುರುತಿಸುತ್ತಿದ್ದರು. ಅವರ ಪ್ರಾರ್ಥನೆಯ ದೇವರು ಬೇರೆ ಹೆಸರಿನವನು. ಆದರೆ ಅಲ್ಲಮ ಕೇಳಿದ ಪ್ರಶ್ನೆ ಅವರಿಗೆ ಹೊಸದಾಗಿರಲಾರದು. ಸಂಗ್ರಹ ಪ್ರಕಟವಾದದ್ದು 1955ರಲ್ಲಿ. ಮರುವರ್ಷ ಕರ್ನಾಟಕ ಒಂದಾಯಿತು. ಧಾರವಾಡ, ಬಳ್ಳಾರಿ, ಕಲಬುರಗಿ, ರಾಯಚೂರು ಒಂದೇ ರಾಜ್ಯದೊಳಗೆ ಬಂದದ್ದನ್ನು ಅವರು ನೋಡಿದರು. 1957ರಲ್ಲಿ ಆದಯ್ಯನ ವಚನಗಳು ಬಂದವು.

ಇಷ್ಟೆಲ್ಲ ಮಾಡಿದ ಮೇಲೂ ಅವರು ತಮ್ಮ ಸಭೆಯನ್ನು ಬಿಡಲಿಲ್ಲ, ಪೂರ್ವಜರ ಮತಕ್ಕೆ ಮರಳಲಿಲ್ಲ. ಲಿಂಗಾಯತ ವಿದ್ವಾಂಸರು ಅವರನ್ನು ತಮ್ಮವರೆಂದೇ ಭಾವಿಸಿ ಗೌರವಿಸಿದರು. ಅವರು ಆ ಗೌರವವನ್ನು ಸ್ವೀಕರಿಸಿ ಸಂಜೆಯ ಪ್ರಾರ್ಥನೆಗೆ ಮನೆಗೆ ಹೋಗುವವರಾಗಿಯೇ ಉಳಿದರು. ಇನ್ನೊಬ್ಬರ ದೇವರ ಮನೆಯಲ್ಲಿ ಇಷ್ಟು ನಿರಾಳವಾಗಿ ಓಡಾಡಲು ತನ್ನ ಮನೆಯ ಅಡಿಪಾಯ ಅಲ್ಲಾಡದು ಎಂಬ ನೆಚ್ಚಿಕೆ ಬೇಕು. ಪರಮತದ ಒಂದು ಪುಟ ಓದಿದರೆ ತಮ್ಮ ನಂಬಿಕೆ ಕುಸಿದೀತೆಂದು ಹೆದರುವವರ ಗದ್ದಲ ಹೆಚ್ಚಿರುವ ಇಂದಿನ ದಿನಗ​ಳಲ್ಲಿ ನಾನು ಚನ್ನಪ್ಪನವರನ್ನು ಆಗಾಗ ನೆನೆಯುವುದು ಈ ಕಾರಣಕ್ಕಾಗಿ.

ಕ್ರಿಸ್ತನ ಮರಣ ಮತ್ತು ಪುನರುತ್ಥಾನವನ್ನು ಕುರಿತ ಅವರ ಕೃತಿಯೊಂದಿದೆ. ಸಾವಿಗೆ ಹೆದರಿ ಬೆವರಿದ, ಸಾವನ್ನು ಒಪ್ಪಿಕೊಂಡ, ಸಾವನ್ನು ದಾಟಿದ ತಮ್ಮ ಕರ್ತನಿಗೆ ಅವರು ಕೊಟ್ಟ ಹೆಸರು ‘ಮೃತ್ಯುಂಜಯ’. ಕನ್ನಡ ನಾಡಿನ ಶಿವಾಲಯಗಳಲ್ಲಿ ಕಾಯಿಲೆ ಬಿದ್ದವರ ಹೆಸರಿನಲ್ಲಿ ದಿನವೂ ಕರೆಯುವ ಹೆಸರು ಅದು. ಉತ್ತಂಗಿ ಚನ್ನಪ್ಪನವರು 1962ರಲ್ಲಿ, ಎಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು.